ಕೆಂಚಿಯ ತುರಿಕೆ ಕಲಿಸಿದ್ದು

ನಮ್ಮಲ್ಲಿ ಕುದುರೆ ಸಾಕುವ ರೈತರು ಬೆರಳೆಣಿಕೆ. ಹಾಗಿರುವಾಗ ಕುದುರೆಯ ತುರಿಕೆ ಬಗ್ಗೆ ಬರೆದರೆ ಯಾರು ಓದ್ತಾರೆ ಅಂತ ನನಗೂ ಅನ್ನಿಸಿತ್ತು. ಆದರೆ ಆ ಕುದುರೆ ಕಲಿಸಿದ ಪಾಠದಿಂದಲೇ ಇವತ್ತು ನನ್ನ ಕೊಟ್ಟಿಗೆಯ ಎರಡು ಆಕಳು, ಒಂದು ಎಮ್ಮೆ ಸಂಜೆ ಹೊತ್ತು ನಿಂತಲ್ಲಿ ನಿಂತು ಮೇವು ತಿನ್ನುತ್ತಿವೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಹಾನಗಲ್ ತಾಲೂಕು. ಅತ್ತ ಪೂರಾ ಮಲೆನಾಡಲ್ಲ, ಇತ್ತ ಬಯಲುಸೀಮೆಯೂ ಅಲ್ಲ. ಕೆರೆಯ ಕೆಳಗೆ ಎರಡು ಎಕರೆ ಭತ್ತ, ಪಕ್ಕದಲ್ಲೇ ಒಂದು ಎಕರೆ ಅಡಿಕೆ, ನಡುವೆ ಬಾಳೆ. ಸುಗ್ಗಿ ಮುಗಿದ ಮೇಲೆ ಬೆಳಗಾವಿ, ಬಾಗಲಕೋಟೆ ಕಡೆಯ ಕುರುಬರು ಕುರಿ ಹೊಡೆದುಕೊಂಡು ಬರುತ್ತಾರೆ. ರಾತ್ರಿ ಗದ್ದೆಯಲ್ಲಿ ಕುರಿ ನಿಲ್ಲಿಸಿಕೊಂಡರೆ ನಮಗೆ ಗೊಬ್ಬರ, ಅವರಿಗೆ ಕಾಳುಕಡಿ ಇಲ್ಲವೇ ರೊಕ್ಕ. ಅವರ ಹಾಸಿಗೆ, ಪಾತ್ರೆ, ನಡೆಯಲಾರದ ಮರಿಗಳನ್ನು ಹೊರುವುದು ಗಿಡ್ಡ ತಟ್ಟುಗಳು.

2017ರ ಬೇಸಿಗೆಯಲ್ಲಿ ಹಾಗೆ ಬಂದ ಹಿಂಡಿನ ಒಂದು ಹೆಣ್ಣು ತಟ್ಟಿಗೆ ಗೊರಸಿನಲ್ಲಿ ಗಾಯವಾಗಿ ನಡೆಯಲಾಗಲಿಲ್ಲ. ಕುರಿ ಅಜ್ಜ ಎರಡು ದಿನ ಕಾದು ನೋಡಿ, "ಗೌಡ್ರ, ಇದನ್ನ ನೀವ ಇಟಗೋರಿ. ಹಾದ್ಯಾಗ ಬಿಟ್ಟು ಹೋಗಾಕ ಮನಸ ಬರೂದುಲ್ಲ" ಅಂದ. ಒಂದಿಷ್ಟು ದುಡ್ಡು, ಎರಡು ಚೀಲ ಭತ್ತ ಕೊಟ್ಟು ಇಟ್ಟುಕೊಂಡೆ. ಕೆಂಪು ಮೈಬಣ್ಣ, ಹಾಗಾಗಿ ಕೆಂಚಿ ಅಂತ ಹೆಸರಾಯ್ತು. ಗಾಯ ಮಾಯ್ದ ಮೇಲೆ ಬಹಳ ಉಪಯೋಗಕ್ಕೆ ಬಂತು. ನಮ್ಮ ಕೆಳಗಿನ ಗದ್ದೆಗೆ ಗಾಡಿ ಹೋಗುವ ದಾರಿ ಇಲ್ಲ, ಬದುವಿನ ಮೇಲೆ ಹಾಯಬೇಕು. ಗೊಬ್ಬರ, ಹುಲ್ಲು, ಅಡಿಕೆ ಗೊನೆ ಎಲ್ಲಾ ಕೆಂಚಿಯ ಬೆನ್ನ ಮೇಲೆ. ಎರಡಾಳಿನ ಕೆಲಸ ಉಳಿಯಿತು.

ಎರಡನೇ ವರ್ಷ ಶುರುವಾಯ್ತು

ಮೊದಲ ಮಳೆಗಾಲ ಏನೂ ತೊಂದರೆ ಇಲ್ಲ. 2018ರ ಮಳೆ ಹಿಂದಾಗುವ ಹೊತ್ತಿಗೆ ಕೆಂಚಿ ಅಡಿಕೆ ಮರಕ್ಕೆ ಕುತ್ತಿಗೆ ತಿಕ್ಕತೊಡಗಿತು. ಮೊದಲು ಉಣ್ಣೆ ಇರಬೇಕು ಅಂದುಕೊಂಡೆ. ಹುಡುಕಿದರೆ ನಾಲ್ಕೈದು ಸಿಕ್ಕವು, ಕಿತ್ತು ಹಾಕಿದೆ. ತಿಕ್ಕುವುದು ನಿಲ್ಲಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಕುತ್ತಿಗೆಯ ಕೂದಲು ಉದುರಿ, ಬಾಲದ ಬುಡ ಬೋಳಾಗಿ, ಚರ್ಮ ದಪ್ಪಗಾಗಿ ಮಡಿಕೆ ಬಿತ್ತು. ತಿಕ್ಕಿ ತಿಕ್ಕಿ ರಕ್ತ. ಆ ಗಾಯಕ್ಕೆ ಮತ್ತೆ ಮನೆನೊಣ ಮುತ್ತುವುದು. ರಾತ್ರಿ ಇಡೀ ಕಂಬ ಅಲುಗುವ ಸದ್ದಿಗೆ ನಮಗೂ ನಿದ್ದೆ ಇಲ್ಲ. ಮೇವು ಬಿಟ್ಟಿತು, ಪಕ್ಕೆಲುಬು ಎದ್ದು ಕಂಡವು.

ಊರವರ ಸಲಹೆಗೆ ಕೊರತೆ ಇರಲಿಲ್ಲ. ಒಬ್ಬರು ಹಳೇ ಇಂಜಿನ್ ಆಯಿಲ್ ಹಚ್ಚು ಎಂದರು. ಹಚ್ಚಿದೆ. ಗಾಯ ಉರಿದು ಇನ್ನೂ ಕೆಂಪಾಯ್ತು. ಆ ತಪ್ಪನ್ನು ಯಾರೂ ಮಾಡಬೇಡಿ. ಇನ್ನೊಬ್ಬರ ಮಾತು ಕೇಳಿ ಔಷಧ ಅಂಗಡಿಗೆ ಹೋದೆ. ಅಲ್ಲಿ ದನದ ಉಣ್ಣೆಗೆ ಹೊಡೆಯುವ ಅಮಿಟ್ರಾಜ್ ಬಾಟಲಿ ಕೊಟ್ಟು, "ಕುದುರಿಗೂ ಆಕ್ಕೈತಿ" ಅಂದರು. ಮರುದಿನ ಹೊಡೆಯೋಣ ಅಂತ ಇಟ್ಟಿದ್ದೆ. ಅದೃಷ್ಟಕ್ಕೆ ಆಕಳ ಗರ್ಭ ತಪಾಸಣೆಗೆ ಬಂದ ಪಶುವೈದ್ಯರ ಕಣ್ಣಿಗೆ ಬಾಟಲಿ ಬಿತ್ತು.

"ಇದನ್ನ ಕುದುರೆಗೆ ಹೊಡೀಬ್ಯಾಡ್ರಿ. ದನಕ್ಕೆ ತಡೀತದ, ಕುದುರೆಗೆ ಕರುಳಿನ ಚಲನೆ ನಿಂತು ಸಗಣಿ ಕಟ್ಟಿ ಹೊಟ್ಟೆಶೂಲೆ ಬರ್ತದ. ಸಾಯಲೂಬಹುದು" ಎಂದರು. ನನ್ನ ಕೈಕಾಲು ತಣ್ಣಗಾದವು. ಒಂದು ಪ್ರಾಣಿಗೆ ಔಷಧವಾದದ್ದು ಇನ್ನೊಂದಕ್ಕೆ ವಿಷ ಅನ್ನುವುದು ಆ ದಿನ ಮನದಟ್ಟಾಯ್ತು. ಹಾಗೆಯೇ ನಾಯಿಯ ಚಿಗಟಕ್ಕೆ ಹಾಕುವ ಪರ್ಮೆಥ್ರಿನ್ ಬೆಕ್ಕಿಗೆ ವಿಷ. ಈ ಜಾತಿಯ ಔಷಧ ಹೊಡೆದ ಕ್ಯಾನು, ಬಕೆಟ್ಟುಗಳನ್ನು ಕೆರೆಯಲ್ಲಿ ತೊಳೆದರೆ ಮೀನಿಗೂ ಕೇಡು.

ಕೆಂಚಿ ಸೊರಗಿದ್ದು ನೋಡಿ ವೈದ್ಯರಿಗೆ 'ಸರ್ರಾ' ಸಂಶಯವೂ ಬಂತು. ಇದು ರಕ್ತದೊಳಗೆ ಸೇರುವ ಸೂಕ್ಷ್ಮ ಪರೋಪಜೀವಿಯಿಂದ ಬರುವ ರೋಗ. 1880ರಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯರು ಆಗಿನ ಪಂಜಾಬಿನ ಕುದುರೆ, ಒಂಟೆಗಳ ರಕ್ತದಲ್ಲಿ ಇದನ್ನು ಮೊದಲು ಕಂಡರು. ಒಂದು ಪ್ರಾಣಿಯನ್ನು ಕಚ್ಚುತ್ತಿರುವ ದೊಡ್ಡ ನೊಣವನ್ನು ಅದು ಬಾಲದಿಂದ ಹೊಡೆದು ಓಡಿಸಿದರೆ, ನೊಣ ಅರ್ಧ ಹೊಟ್ಟೆಯಲ್ಲಿ ಪಕ್ಕದ ಪ್ರಾಣಿಯ ಮೇಲೆ ಕೂರುತ್ತದೆ. ಬಾಯಿಗಂಟಿದ ಹಸಿ ರಕ್ತದ ಜೊತೆ ರೋಗವೂ ದಾಟುತ್ತದೆ. ಬಂದು ಹೋಗುವ ಜ್ವರ, ರಕ್ತಹೀನತೆ, ಕಾಲು ಮತ್ತು ಹೊಟ್ಟೆಯಡಿ ಬಾವು ಇದರ ಲಕ್ಷಣ. ಕುದುರೆಗೆ ಚಿಕಿತ್ಸೆ ಇಲ್ಲದಿದ್ದರೆ ಉಳಿವು ಕಷ್ಟ. ಕೆಂಚಿಯ ರಕ್ತ ಪರೀಕ್ಷೆಯಲ್ಲಿ ಅದು ಕಾಣಲಿಲ್ಲ. ಜ್ವರವೂ ಇರಲಿಲ್ಲ. ಕೊನೆಗೆ ವೈದ್ಯರು, ಇದು ನುಸಿ ಕಡಿತದ ಅಲರ್ಜಿ ಅಂದರು.

ಸಾಸಿವೆಗಿಂತ ಸಣ್ಣದು

ನುಸಿ ಎಂದರೆ ನಮ್ಮ ಗುಂಗಾಡು, ಅಂದರೆ ಸೊಳ್ಳೆ, ಅಲ್ಲ. ಅದಕ್ಕಿಂತ ಬಹಳ ಸಣ್ಣದು, ಒಂದರಿಂದ ಮೂರು ಮಿಲಿಮೀಟರ್. ಕ್ಯುಲಿಕಾಯ್ಡಿಸ್ ಎಂದು ಅದರ ಶಾಸ್ತ್ರೀಯ ಹೆಸರು. ಕುರಿಗಳಿಗೆ ನೀಲಿನಾಲಿಗೆ ರೋಗ ತರುವುದೂ ಇದೇ. ಕೆಸರು, ಸಗಣಿ ಬೆರೆತ ತೇವದ ಮಣ್ಣು, ಕೊಳೆತ ಬಾಳೆ ದಿಂಡಿನಂಥ ಕಡೆ ಹುಟ್ಟುತ್ತದೆ. ನಮ್ಮ ತೋಟದಲ್ಲಿ ಇವೆಲ್ಲಾ ಧಾರಾಳ!

ಇದು ಕಚ್ಚುವಾಗ ಜೊಲ್ಲು ಚರ್ಮಕ್ಕೆ ಸೇರುತ್ತದೆ. ಎಲ್ಲ ಕುದುರೆಗೂ ಕಚ್ಚುತ್ತದೆ, ಆದರೆ ಕೆಲವಕ್ಕೆ ಮಾತ್ರ ಆ ಜೊಲ್ಲು ಒಗ್ಗುವುದಿಲ್ಲ. ಅಂಥವಕ್ಕೆ ಹತ್ತೇ ಕಡಿತ ಸಾಕು, ಹುಚ್ಚು ತುರಿಕೆ.

ಎರಡು ವರ್ಷ ಇಲ್ಲೇ ಇದ್ದು ಆಮೇಲೆ ಯಾಕೆ ಬಂತು ಅಂತ ಕೇಳಿದೆ. ವೈದ್ಯರು ಐಸ್‌ಲ್ಯಾಂಡ್ ದೇಶದ ಉದಾಹರಣೆ ಕೊಟ್ಟರು. ಆ ದ್ವೀಪದ ಕುದುರೆಗಳು ನೂರಾರು ವರ್ಷ ಈ ನುಸಿ ಇಲ್ಲದ ನೆಲದಲ್ಲಿ ಬೆಳೆದವು. ದೊಡ್ಡವಾದ ಮೇಲೆ ಯುರೋಪಿನ ಬೇರೆ ದೇಶಗಳಿಗೆ ಕೊಟ್ಟರೆ ಎರಡು ಮೂರು ವರ್ಷದೊಳಗೆ ಬಹಳಷ್ಟಕ್ಕೆ ಈ ತುರಿಕೆ ಶುರುವಾಗುತ್ತದೆ. ಅದೇ ತಳಿಯ ಮರಿ ಯುರೋಪಿನಲ್ಲೇ ಹುಟ್ಟಿದರೆ ಅಷ್ಟು ಬರುವುದಿಲ್ಲ. ನುಸಿಯ ಪರಿಚಯ ಮರಿಯಿದ್ದಾಗ ಆಗುವುದಕ್ಕೂ ಬೆಳೆದ ಮೇಲೆ ಆಗುವುದಕ್ಕೂ ವ್ಯತ್ಯಾಸ ಇದೆ. ನಮ್ಮ ಕೆಂಚಿ ಹುಟ್ಟಿ ಬೆಳೆದದ್ದು ಎರೆಹೊಲದ ಒಣ ಸೀಮೆಯಲ್ಲಿ. ಬೆಳೆದ ಮೇಲೆ ನಾನು ತಂದು ಕಟ್ಟಿದ್ದು ಕೆರೆಯ ಕೆಳಗೆ.

ಚುಚ್ಚುಮದ್ದು ಕೊಟ್ಟಾಗ ವಾರ ಹತ್ತು ದಿನ ಆರಾಮ, ಮತ್ತೆ ಅದೇ ಕಥೆ. ಕುದುರೆಗೆ ಆ ಮದ್ದು ಪದೇ ಪದೇ ಕೊಟ್ಟರೆ ಗೊರಸಿಗೆ ತೊಂದರೆ ಬರುವ ಅಪಾಯ ಬೇರೆ. "ಕಚ್ಚದಂಗ ನೋಡಿಕೊಳ್ಳೋದ ಔಷಧ" ಅಂದು ವೈದ್ಯರು ಕೈಮುಗಿದರು.

ಯಾವ ನೊಣ, ಯಾವ ಹೊತ್ತು

ಆಮೇಲೆ ಒಂದು ವಾರ ನಾನು ಬೇರೆ ಕೆಲಸ ಬಿಟ್ಟು ಕೊಟ್ಟಿಗೆಯಲ್ಲಿ ಕೂತು ನೋಡಿದೆ. ಕಚ್ಚುವವು ಮುಖ್ಯವಾಗಿ ಮೂರು ಬಗೆ. ಮೂರಕ್ಕೂ ಹೊತ್ತು, ಜಾಗ, ಹುಟ್ಟುವ ನೆಲೆ ಬೇರೆ. ಹಾಗಾಗಿ ಒಂದೇ ಮದ್ದು ಮೂರಕ್ಕೂ ನಡೆಯುವುದಿಲ್ಲ.

ಒಂದು, ನುಸಿ. ಸೂರ್ಯ ಇಳಿಯುವಾಗ ಮತ್ತು ಮೂಡುವಾಗ ಜೋರು. ಗಾಳಿ ಇಲ್ಲದ, ಮೋಡ ಕವಿದ ದಿನ ಹಗಲೂ ಉಂಟು. ಕುತ್ತಿಗೆ, ಬಾಲದ ಬುಡ, ಹೊಟ್ಟೆಯ ನಡುಗೆರೆ ಇದರ ಜಾಗ. ಹಾರುವ ಶಕ್ತಿ ಕಡಿಮೆ, ಎಲೆ ಅಲುಗುವಷ್ಟು ಗಾಳಿ ಬಂದರೂ ಸೋಲುತ್ತದೆ.

ಎರಡು, ಕೊಟ್ಟಿಗೆ ನೊಣ. ನೋಡಲಿಕ್ಕೆ ಮನೆನೊಣದ ಹಾಗೇ. ಆದರೆ ಮೂತಿಯಲ್ಲಿ ಸೂಜಿಯಂಥದ್ದು ಮುಂದಕ್ಕೆ ಚಾಚಿರುತ್ತದೆ. ಕಾಲಿನ ಮೇಲೆ ತಲೆ ಮೇಲಾಗಿ ಕೂರುತ್ತದೆ. ದನ ಸುಮ್ಮಸುಮ್ಮನೆ ಕಾಲು ಝಾಡಿಸುತ್ತಿದೆ ಎಂದರೆ ಇದೇ ಅಂತ ತಿಳಿಯಿರಿ. ಗಂಡು, ಹೆಣ್ಣು ಎರಡೂ ರಕ್ತ ಹೀರುತ್ತವೆ. ಗಂಜಳಕ್ಕೆ ನೆಂದು ಕೊಳೆತ ಹುಲ್ಲಿನಲ್ಲಿ ಮೊಟ್ಟೆ ಇಡುತ್ತದೆ. ನಮ್ಮ ಸೆಕೆಗೆ ಎರಡು ಮೂರು ವಾರದಲ್ಲಿ ಮೊಟ್ಟೆಯಿಂದ ನೊಣ.

ಮೂರು, ಕುದುರೆ ನೊಣ. ಜೇನುಹುಳಕ್ಕಿಂತ ದೊಡ್ಡದು. ಕಚ್ಚಿದಲ್ಲಿ ರಕ್ತ ಸೋರುತ್ತದೆ. ಹೆಣ್ಣು ಮಾತ್ರ ಕಚ್ಚುವುದು. ಕೆರೆ ದಂಡೆಯ ಕೆಸರಲ್ಲಿ ಮರಿ ಬೆಳೆಯುತ್ತದೆ. ಬಿಸಿಲಲ್ಲಿ ಇದರ ಹಾವಳಿ, ಕತ್ತಲೆ ಕೊಟ್ಟಿಗೆಯೊಳಗೆ ಬರುವುದು ಅಪರೂಪ.

ನಾನು ಮಾಡಿದ ಏರ್ಪಾಡು

ಹೊತ್ತು ಬದಲಿಸಿದ್ದು: ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಮೊದಲೆಲ್ಲಾ ಸಂಜೆ ತಂಪಿಗೆ ಕೆಂಚಿಯನ್ನು ಕೆರೆ ಅಂಗಳದಲ್ಲಿ ಮೇಯಲು ಬಿಡುತ್ತಿದ್ದೆ. ನುಸಿಗೆ ಊಟ ಬಡಿಸಿದ ಹಾಗಾಗುತ್ತಿತ್ತು. ಈಗ ಸೂರ್ಯ ಮುಳುಗುವ ಒಂದು ತಾಸು ಮೊದಲೇ ಒಳಗೆ. ಬೆಳಿಗ್ಗೆ ಬಿಸಿಲು ಚುರುಕಾದ ಮೇಲೆ ಹೊರಗೆ. ಕೆರೆ ಕಡೆ ಬದಲು ಗಾಳಿಯಾಡುವ ಎತ್ತರದ ದಿನ್ನೆಯ ಮೇಲೆ ಕಟ್ಟುತ್ತೇನೆ.

ಫ್ಯಾನು: ಹಳೆಯ ಟೇಬಲ್ ಫ್ಯಾನೊಂದನ್ನು ಕೊಟ್ಟಿಗೆಯ ಅಡ್ಡದ ಮೇಲೆ ಬಿಗಿದೆ. 75 ವ್ಯಾಟಿನ ಫ್ಯಾನು ನಾಲ್ಕು ತಾಸು ತಿರುಗಿದರೆ 0.3 ಯೂನಿಟ್ಟು. ಗಾಳಿ ನೇರ ಮೈಮೇಲೆ ಹಾಯಬೇಕು. ವೈರು, ಪ್ಲಗ್ಗು ಪ್ರಾಣಿಯ ಬಾಯಿಗೆ, ಕೊಂಬಿಗೆ ಎಟುಕಬಾರದು. ನೀರು ಸಿಡಿಯುವ ಜಾಗವೂ ಬೇಡ. ಆಕಳುಗಳೂ ಫ್ಯಾನಿನ ಗಾಳಿಗೆ ಬಂದು ನಿಲ್ಲತೊಡಗಿದ ಮೇಲೆ ಇನ್ನೊಂದು ಹಾಕಿದೆ. ಕರೆಂಟು ಹೋದ ಸಂಜೆಗೆ ಮಾತ್ರ ಹಳೇ ಪದ್ಧತಿ, ಹೊಗೆ.

ಹೊಗೆ: ಕುಳ್ಳಿನ ಕೆಂಡದ ಮೇಲೆ ಹಸಿ ಲಕ್ಕಿ ಸೊಪ್ಪು, ಬೇವಿನ ಸೊಪ್ಪು. ಗಾಳಿ ಬರುವ ದಿಕ್ಕಿಗೆ, ಕೊಟ್ಟಿಗೆಯ ಹೊರಗೆ ಇಡಬೇಕು. ಒಳಗಿಟ್ಟು ಬಾಗಿಲು ಹಾಕುವವರಿದ್ದಾರೆ. ಅದು ಸರಿಯಲ್ಲ. ಕುದುರೆಯ ಪುಪ್ಪುಸ ಬಹಳ ಸೂಕ್ಷ್ಮ, ಹೊಗೆ ಧೂಳಿಗೆ ಕೆಮ್ಮು ಹಿಡಿಯುತ್ತದೆ. ಹುಲ್ಲಿನ ಬಣವೆ ದೂರ ಇರಲಿ.

ಹೊದಿಕೆ: ಸೊಳ್ಳೆಪರದೆಯದ್ದೇ ಬಟ್ಟೆ ಹೊಲಿಸಿ ಮೊದಲು ಮೋಸಹೋದೆ. ಅದರ ಕಣ್ಣಿನಲ್ಲಿ ಸೊಳ್ಳೆ ತೂರದು, ನುಸಿ ತೂರುತ್ತದೆ. ಆಮೇಲೆ ಹಳೆಯ ಬಿಳಿ ಧೋತರಗಳನ್ನು ಕೂಡಿಸಿ ಊರಿನ ದರ್ಜಿಯಿಂದ ಅಂಗಿ ಹೊಲಿಸಿದೆ. ಕಿವಿಯ ಹಿಂದಿನಿಂದ ಬಾಲದ ಬುಡದವರೆಗೆ ಮುಚ್ಚಬೇಕು. ಹೊಟ್ಟೆಯಡಿ ಅಗಲ ಪಟ್ಟಿ ಬೇಕೇ ಬೇಕು, ಇಲ್ಲವಾದರೆ ನುಸಿ ಅಲ್ಲೇ ಹೋಗಿ ಕಚ್ಚುತ್ತದೆ. ಬೆವರಿಗೆ, ಮಳೆಗೆ ನೆಂದ ಬಟ್ಟೆ ಮೈಮೇಲೆ ಬಿಡಬಾರದು, ಅದರಿಂದಲೇ ಹುಣ್ಣಾಗುತ್ತದೆ. ಹಾಗಾಗಿ ಎರಡು ಜೊತೆ ಇರಬೇಕು. ಜನ ನಕ್ಕರು. "ಗೌಡ್ರು ಕುದುರಿಗೆ ಅಂಗಿ ಹೊಲಿಸ್ಯಾರ" ಅಂತ ಹೋಟೆಲಿನಲ್ಲಿ ಮಾತಾಯ್ತು. ನಗಲಿ ಬಿಡಿ.

ಬಿಳಿ ಬಟ್ಟೆಗೆ ಇನ್ನೊಂದು ಲಾಭವಿದೆ. ಕುದುರೆ ನೊಣಕ್ಕೆ ಕಪ್ಪು, ಕಂದು ಬಣ್ಣ ಇಷ್ಟ, ಬಿಳಿ ಕುದುರೆಯ ಮೇಲೆ ಕೂರುವುದು ಕಡಿಮೆ ಎಂದು 2010ರಲ್ಲಿ ಹಂಗೇರಿಯ ವಿಜ್ಞಾನಿಗಳು ತೋರಿಸಿದ್ದಾರೆ. 2019ರಲ್ಲಿ ಇಂಗ್ಲೆಂಡಿನಲ್ಲಿ ಕುದುರೆಗಳಿಗೆ ಜೀಬ್ರಾದಂತೆ ಕಪ್ಪುಬಿಳುಪು ಪಟ್ಟೆಯ ಹೊದಿಕೆ ಹಾಕಿ ನೋಡಿದರು. ನೊಣ ಹತ್ತಿರ ಬಂದರೂ ಪಟ್ಟೆಯ ಮೇಲೆ ಸರಿಯಾಗಿ ಇಳಿಯಲಾಗಲಿಲ್ಲ. ಮುಚ್ಚದ ತಲೆಗೆ ಮಾತ್ರ ಎಂದಿನಂತೆ ಕೂತವು. ಅದೇ ವರ್ಷ ಜಪಾನಿನಲ್ಲಿ ಕಪ್ಪು ಆಕಳಿಗೆ ಬಿಳಿ ಪಟ್ಟೆ ಬಳಿದಾಗ ಕಚ್ಚುವ ನೊಣ ಅರ್ಧಕ್ಕೆ ಇಳಿಯಿತಂತೆ. ನಾನೂ ನಮ್ಮ ಕರಿ ಆಕಳಿಗೆ ವಿಭೂತಿ ಕಲಸಿ ಅಡ್ಡಪಟ್ಟೆ ಬಳಿದೆ. ಒಣ ದಿನ ನೊಣ ಸ್ವಲ್ಪ ಕಡಿಮೆ ಅನ್ನಿಸಿತು. ಮೊದಲ ಮಳೆಗೇ ಎಲ್ಲ ತೊಳೆದುಹೋಯ್ತು. ಸುಣ್ಣ ಮಾತ್ರ ಬಳಿಯಬೇಡಿ, ಚರ್ಮ ಸುಡುತ್ತದೆ.

ಎಣ್ಣೆ: ಹತ್ತು ಭಾಗ ಕೊಬ್ಬರಿ ಎಣ್ಣೆಗೆ ಒಂದು ಭಾಗ ಬೇವಿನೆಣ್ಣೆ. ಅಂಗಿ ಮುಚ್ಚದ ಮುಖ, ಕಿವಿ, ಕಾಲಿಗೆ ಸಂಜೆ ಸವರುತ್ತೇನೆ. ಕಣ್ಣಿಗೆ ತಾಗಬಾರದು. ಬೇವಿನೆಣ್ಣೆ ಹಾಗೇ ಹಚ್ಚಿದರೆ ಸೂಕ್ಷ್ಮ ಚರ್ಮ ಉರಿಯುತ್ತದೆ. ಮೊದಲು ಅಂಗೈಯಗಲ ಜಾಗಕ್ಕೆ ಹಚ್ಚಿ ಒಂದು ದಿನ ನೋಡಿ ಮುಂದುವರಿಯಿರಿ. ತೆರೆದ ಗಾಯಕ್ಕೆ ಬೇಡ.

ಸಗಣಿ, ಕಸ: ಕೊಟ್ಟಿಗೆ ನೊಣಕ್ಕೆ ಇದೊಂದೇ ಮದ್ದು. ಗ್ವಾದಲಿಯ ಕೆಳಗೆ ತುಳಿದು ಉಳಿದ ಹುಲ್ಲು, ಮೂಲೆಯಲ್ಲಿ ಗಂಜಳ ನಿಲ್ಲುವ ಕಡೆ, ಗುಂಡಿಯ ಅಂಚು ಇವನ್ನು ವಾರಕ್ಕೊಮ್ಮೆ ತಪ್ಪದೆ ಕೆರೆದು ತೆಗೆಯಬೇಕು. ಹೆಚ್ಚಿಗೆ ದಿನ ಬಿಟ್ಟರೆ ಅಷ್ಟರಲ್ಲಿ ಮರಿ ನೊಣವಾಗಿ ಹಾರಿರುತ್ತದೆ. ತೆಗೆದದ್ದನ್ನು ಬಿಸಿಲಲ್ಲಿ ತೆಳ್ಳಗೆ ಹರಡಿ ಒಣಗಿಸಿ, ಇಲ್ಲವೇ ಗುಂಡಿಗೆ ಹಾಕಿ ಮೇಲೆ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಮುಚ್ಚಿ. ಅರೆಬರೆ ತೇವದಲ್ಲಿ ರಾಶಿ ಹಾಕುವುದೇ ನೊಣದ ಕಾರ್ಖಾನೆ. ನಾಲ್ಕು ಕೋಳಿ ಬಿಟ್ಟರೆ ಕೆದರಿ ಹುಳ ತಿನ್ನುತ್ತವೆ. ಬಾಳೆ ದಿಂಡನ್ನೂ ಕೊಟ್ಟಿಗೆ ಹತ್ತಿರ ಕೊಳೆಹಾಕುವುದು ಬಿಟ್ಟೆ.

ಕರಿ ಗಡಿಗೆ: ಹಳೆ ಗಡಿಗೆಗೆ ಮಿರುಗುವ ಕಪ್ಪು ಬಣ್ಣ ಬಳಿದು, ಮೇಲೆ ಗ್ರೀಸ್ ಸವರಿ ಬಿಸಿಲಲ್ಲಿ ಆಳೆತ್ತರಕ್ಕೆ ತೂಗಿಬಿಟ್ಟೆ. ಬಿಸಿಲಿಗೆ ಕಾದು ಗಾಳಿಗೆ ಅಲುಗುವ ಕರಿ ವಸ್ತುವನ್ನು ಕುದುರೆ ನೊಣ ಪ್ರಾಣಿ ಅಂತ ತಿಳಿದು ಬಂದು ಅಂಟಿಕೊಳ್ಳುತ್ತದೆ. ಸಣ್ಣ ಹಕ್ಕಿ ಅಂಟದಂತೆ ಸುತ್ತ ಅಗಲ ಕಣ್ಣಿನ ತಂತಿಬಲೆ ಹಾಕಿ.

ಕೊನೆಯದಾಗಿ, ಕುದುರೆಯ ಜೂಲು, ಬಾಲದ ಕೂದಲು ಕತ್ತರಿಸಬೇಡಿ. ಅದು ಅದರ ಸ್ವಂತ ಬೀಸಣಿಗೆ.

ಫಲ ಎಷ್ಟು?

2019ರ ಮಳೆಗಾಲದ ಹೊತ್ತಿಗೆ ಇಷ್ಟನ್ನೂ ಕೂಡಿಸಿದ್ದೆ. ದೀಪಾವಳಿ ಹೊತ್ತಿಗೆ ಕುತ್ತಿಗೆಯಲ್ಲಿ ಹೊಸ ಕೂದಲು ಬಂತು. ತಿಕ್ಕುವುದು ಪೂರಾ ನಿಲ್ಲಲಿಲ್ಲ, ಆದರೆ ರಕ್ತ ಬರುವಷ್ಟು ಇಲ್ಲ. ಆಕಳುಗಳು ಸಂಜೆ ಕಾಲು ಝಾಡಿಸಿ ಹಾಲಿನ ಪಾತ್ರೆ ಒದೆಯುವುದು ನಿಂತದ್ದು ಮನೆಯಾಕೆಗೆ ಸಿಕ್ಕ ಲಾಭ.

ಆದರೆ ಇದು ಗುಣ ಮಾಡುವ ಮದ್ದಲ್ಲ. 2021ರ ಅಕ್ಟೋಬರದಲ್ಲಿ ನಾನು ಜ್ವರದಿಂದ ಹತ್ತು ದಿನ ಮಲಗಿದೆ. ಅಂಗಿ ಹಾಕುವವರಿಲ್ಲ, ಹೊತ್ತಿಗೆ ಒಳಗೆ ಕಟ್ಟುವವರಿಲ್ಲ. ಎದ್ದು ಹೋಗಿ ನೋಡಿದರೆ ಎರಡು ವರ್ಷದ ಶ್ರಮ ನೀರುಪಾಲು, ಕುತ್ತಿಗೆ ಮತ್ತೆ ಹಸಿ ಮಾಂಸ. ಕೆಂಚಿ ನನ್ನ ಭುಜಕ್ಕೇ ಕತ್ತು ತಂದು ತಿಕ್ಕಿತು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಮರುವರ್ಷ ಸುಗ್ಗಿ ಮುಗಿದ ಮೇಲೆ ಕುರಿ ಅಜ್ಜ ಬಂದ. ಕೆಂಚಿಯ ಅಂಗಿ ಬಿಚ್ಚಿ ಕುತ್ತಿಗೆ ಮುಟ್ಟಿ ನೋಡಿದ. ನಾನು ನಡೆದದ್ದೆಲ್ಲಾ ಹೇಳಿದೆ, ಐಸ್‌ಲ್ಯಾಂಡಿನ ಕಥೆಯೂ ಸೇರಿ.

"ಅಷ್ಟ ದೂರದ ಮಾತ್ಯಾಕ್ರಿ ಗೌಡ್ರ? ನಾವು ಮಳಿಗಾಲಕ್ಕ ಈ ಸೀಮಿ ಬಿಟ್ಟು ಹೊಳ್ಳಿ ಹೋಗೂದ ಅದಕ್ಕ. ಕೆಸರಾಗ ಕುರಿ ಕಾಲು ಕೊಳೀತಾವು, ಹುಳ ಕಡೀತಾವು. ಇದನ್ನೂ ಕಳಸ್ರಿ, ಸುಗ್ಗಿಗೆ ತರತೀನಿ" ಅಂದ.

"ಅಜ್ಜಾ, ಮಳೆಗಾಲದಾಗ ನನ್ನ ಕೆಲಸ?" ಎಂದೆ.

"ನಿಮ್ಮ ಕೆಲಸಕ್ಕ ಆಳು ಸಿಗತಾವು. ಇದಕ್ಕ ಬ್ಯಾರೆ ತೊಗಲು ಸಿಗೂದುಲ್ಲ" ಅಂದ.

2022ರಲ್ಲಿ ಮಳೆ ಹಿಡಿಯುವ ಮೊದಲು ಕೆಂಚಿಯನ್ನು ಅವರ ಹಿಂಡಿನ ಜೊತೆ ಕಳಿಸಿದೆ. ಅದೇ ವರ್ಷ ನಮ್ಮ ಕಡೆ ದನಗಳಿಗೆ ಚರ್ಮಗಂಟು ರೋಗ ಬಂದು ಬಹಳ ಮನೆಗಳಲ್ಲಿ ಕೊಟ್ಟಿಗೆ ಖಾಲಿಯಾಯಿತು. ಅದನ್ನು ಹರಡುವುದರಲ್ಲೂ ಕಚ್ಚುವ ನೊಣ, ಸೊಳ್ಳೆಗಳ ಪಾತ್ರ ಇದೆ. ಲಸಿಕೆ ಹಾಕಿಸಿದ್ದೆ, ಕಸ ತೆಗೆಯುವುದು, ಫ್ಯಾನು, ಎಣ್ಣೆ ಬಿಟ್ಟಿರಲಿಲ್ಲ. ನಮ್ಮ ಆಕಳು ಉಳಿದವು. ಯಾವುದರಿಂದ ಉಳಿದವೋ, ಒಂದನ್ನೇ ಬೆರಳು ಮಾಡಿ ತೋರಿಸಲಾರೆ. ಲಸಿಕೆ ಬಿಟ್ಟು ಬರೀ ನೊಣ ಓಡಿಸಿದರೆ ಸಾಕು ಅಂತ ಯಾರೂ ತಿಳಿಯಬಾರದು.

2023ರ ಜನವರಿಯಲ್ಲಿ ಕೆಂಚಿ ಬಂತು. ಅಂಗಿ ಇಲ್ಲ, ಎಣ್ಣೆ ಇಲ್ಲ, ಕುತ್ತಿಗೆ ತುಂಬ ಜೂಲು. ಮೊದಲ ಕ್ಷಣ ಇದು ನಮ್ಮದೇನಾ ಅಂತ ಗುರುತೇ ಹತ್ತಲಿಲ್ಲ. ಐದು ವರ್ಷದಲ್ಲಿ ನಾನು ಮಾಡಿದ್ದೆಲ್ಲಕ್ಕಿಂತ ಆರೇಳು ತಿಂಗಳ ಒಣ ಗಾಳಿ ಹೆಚ್ಚು ಕೆಲಸ ಮಾಡಿತ್ತು.

ಆಗಿನಿಂದ ಇದೇ ಪದ್ಧತಿ. ಸುಗ್ಗಿಯಿಂದ ಮುಂಗಾರಿನವರೆಗೆ ಕೆಂಚಿ ನಮ್ಮಲ್ಲಿ, ಮಳೆಗಾಲಕ್ಕೆ ಅಜ್ಜನ ಹಿಂಡಿನಲ್ಲಿ. ಮಳೆಗಾಲದ ಹುಲ್ಲಿನ ಹೊರೆ ಮತ್ತೆ ನನ್ನ ತಲೆಯ ಮೇಲೆ ಬಂದಿದೆ. ಆಳಿನ ಖರ್ಚೂ ಇದೆ. ಲೆಕ್ಕ ಹಾಕಿದರೆ ನಷ್ಟವೇ. ಆದರೆ ಎಲ್ಲಿಂದಲೋ ಪ್ರಾಣಿ ತಂದು ನಮ್ಮ ನೆಲದಲ್ಲಿ ಕಟ್ಟುವಾಗ ಹಾಲು ಎಷ್ಟು, ಹೊರೆ ಎಷ್ಟು ಅಂತ ಕೇಳುವ ನಾವು, ಅದರ ತೊಗಲು ಇಲ್ಲಿಗೆ ಒಗ್ಗುತ್ತದೆಯೇ ಅಂತ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ಹೊರಗಿನಿಂದ ತಂದ ಮಿಶ್ರತಳಿ ಆಕಳನ್ನು ಕಳಿಸಲು ನಮಗೆ ಬೇರೆ ಸೀಮೆ ಇಲ್ಲ. ಅವುಗಳಿಗಾದರೂ ವಾರಕ್ಕೊಮ್ಮೆ ಗ್ವಾದಲಿಯ ಅಡಿ ಕೆರೆಯೋಣ. ಸಂಜೆ ಒಂದು ತಾಸು ಮೊದಲು ಒಳಗೆ ಕಟ್ಟೋಣ. ಇಷ್ಟಕ್ಕೆ ದುಡ್ಡು ಬೇಕಿಲ್ಲ.